ಹನ್ನೊಂದು ಕಟ್ಟಿ ಹತ್ತು ಗೆಲ್ಲುವ ಊರು

ಕ್ಯಾಲಿಫೋರ್ನಿಯದಲ್ಲಿ ನೌಕರಿಯಲ್ಲಿರುವ ಮಗನನ್ನೋ ಮಗಳನ್ನೋ ನೋಡಿಬರಲು ಹೋಗುವ ಕರ್ನಾಟಕದ ತಂದೆತಾಯಂದಿರ ಪ್ರವಾಸದ ಪಟ್ಟಿಯಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ಹೆಚ್ಚಾಗಿ ಇದ್ದೇ ಇರುತ್ತದೆ. ಆ ದಾರಿಯಲ್ಲಿ ಒಂದು ರಾತ್ರಿ ತಂಗಲು ಒದಗುವ ಊರು ಲಾಸ್ ವೇಗಸ್. ದೀಪಗಳನ್ನು ನೋಡುತ್ತಾರೆ, ಕಾರಂಜಿಯ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ, ಮರುದಿನ ಬೆಳಿಗ್ಗೆ ಹೊರಟುಬಿಡುತ್ತಾರೆ. ಊರಿನ ನಿಜವಾದ ಕಸುಬು ಎಷ್ಟೋ ಜನರ ಕಣ್ಣಿಗೆ ಬೀಳುವುದೇ ಇಲ್ಲ. ಈ ಊರು ಲೆಕ್ಕದ ಮೇಲೆ ನಿಂತಿದೆ, ಅದೂ ಪ್ರೌಢಶಾಲೆಯ ಹುಡುಗನಿಗೂ ಅರ್ಥವಾಗುವಂಥ ಲೆಕ್ಕದ ಮೇಲೆ.

ವಿಮಾನ ಕೆಳಗಿಳಿಯುವಾಗ ಕಾಣುವುದು ಮೊಹಾವಿ ಮರುಭೂಮಿಯ ಕಂದು ನೆಲ ಮತ್ತು ಬೋಳು ಬೆಟ್ಟಗಳು. ವರ್ಷಕ್ಕೆ ಬೀಳುವ ಮಳೆ ಸುಮಾರು 4 ಅಂಗುಲ. ಚಿತ್ರದುರ್ಗ, ಬಳ್ಳಾರಿಯ ರೈತರೂ ಮರುಗಬೇಕಾದ ಪ್ರಮಾಣ. 2024ರ ಜುಲೈ 7ರಂದು ಇಲ್ಲಿ ಉಷ್ಣತೆ 120 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಹತ್ತಿರ ಹತ್ತಿರ 49 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಹಳೆಯ ದಾಖಲೆಗಳನ್ನು ಅಳಿಸಿಹಾಕಿತು. ಇಂಥ ಕಡೆಗೆ ‘ಹುಲ್ಲುಗಾವಲುಗಳು’ ಎಂಬ ಅರ್ಥದ ಸ್ಪ್ಯಾನಿಷ್ ಹೆಸರು ಹೇಗೆ ಬಂತೆಂದರೆ, ಹಿಂದೆ ಇಲ್ಲಿ ನೀರಿನ ಬುಗ್ಗೆಗಳಿದ್ದವು. ಆ ನೀರನ್ನು ಕಂಡು ರೈಲ್ವೆ ಕಂಪನಿ ಬಂತು. 1905ರ ಮೇ 15ರಂದು ಕಂಪನಿ ನಿವೇಶನಗಳನ್ನು ಹರಾಜು ಹಾಕಿತು. ಹೀಗೆ ಊರು ಹುಟ್ಟಿದ್ದೇ ಕೂಗುಬೆಲೆಯಿಂದ. 1931ರಲ್ಲಿ ಎರಡು ಘಟನೆಗಳು ಒಟ್ಟಿಗೆ ನಡೆದವು. ಮೂವತ್ತು ಮೈಲಿ ಆಚೆ ಕೊಲೊರಾಡೊ ನದಿಗೆ ಹೂವರ್ ಅಣೆಕಟ್ಟೆಯ ಕೆಲಸ ಆರಂಭವಾಯಿತು. ನೆವಾಡ ರಾಜ್ಯ ಜೂಜಿಗೆ ಕಾನೂನಿನ ಮುದ್ರೆ ಒತ್ತಿತು. ಕೂಲಿಯ ಹಣ ಒಂದು ಕಡೆಯಿಂದ, ಅದನ್ನು ಕಳೆಯುವ ದಾರಿ ಇನ್ನೊಂದು ಕಡೆಯಿಂದ! 1950ರಲ್ಲಿ 25 ಸಾವಿರದಷ್ಟೂ ಜನಸಂಖ್ಯೆ ಇಲ್ಲದಿದ್ದ ನಗರದಲ್ಲಿ 2020ರ ಗಣತಿಯ ವೇಳೆಗೆ ಆರು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು ಮಂದಿ ಇದ್ದರು. ಸುತ್ತಲ ಊರುಗಳನ್ನೂ ಸೇರಿಸಿದರೆ ಇಡೀ ಜಿಲ್ಲೆಗೆ ಇಪ್ಪತ್ತೆರಡು ಲಕ್ಷ ದಾಟಿತ್ತು.

ವಿಮಾನ ನಿಲ್ದಾಣದಲ್ಲಿ ಸಾಮಾನು ಕೈಗೆ ಬರುವ ಮೊದಲೇ ಸ್ಲಾಟ್ ಮೆಷೀನುಗಳ ಕಿಣಿಕಿಣಿ ಕಿವಿಗೆ ಬೀಳುತ್ತದೆ. 21 ವರ್ಷ ತುಂಬದವರು ಜೂಜಾಡುವಂತಿಲ್ಲ. ಆದರೆ ಎಷ್ಟೋ ಹೋಟೆಲುಗಳಲ್ಲಿ ಕೋಣೆಗೋ ಊಟದ ಮನೆಗೋ ಹೋಗುವ ದಾರಿ ಕ್ಯಾಸಿನೊದ ನಡುವೆಯೇ ಹಾದಿರುತ್ತದೆ. ಮಕ್ಕಳ ಕೈಹಿಡಿದ ತಾಯಂದಿರು ಆ ದಾರಿಯಲ್ಲಿ ಬೇಗಬೇಗ ನಡೆದುಹೋಗುವುದು ಅಲ್ಲಿಯ ದಿನನಿತ್ಯದ ನೋಟ. ಹಾದುಹೋಗಬಹುದು, ನಿಂತು ನೋಡುವಂತಿಲ್ಲ. ಕಾನೂನು ಕಟ್ಟಿದವನೂ ಕಟ್ಟಡ ಕಟ್ಟಿದವನೂ ಒಬ್ಬರನ್ನೊಬ್ಬರು ಕೇಳದೆ ಕೆಲಸ ಮಾಡಿದಂತಿದೆ.

ಫಲಕದ ಮೇಲಿನ ಅಂಕಿ

ದೊಡ್ಡ ಕ್ಯಾಸಿನೊಗಳ ಒಂದು ಪಾರ್ಶ್ವದಲ್ಲಿ ‘ಸ್ಪೋರ್ಟ್ಸ್‌ಬುಕ್’ ಎಂಬ ಸಭಾಂಗಣ ಇರುತ್ತದೆ. ಚಿತ್ರಮಂದಿರದಂತೆ ಸಾಲುಸಾಲು ಕುರ್ಚಿಗಳು, ಗೋಡೆಯ ತುಂಬ ಪರದೆಗಳು, ಅವುಗಳ ಪಕ್ಕದಲ್ಲಿ ಹೊಳೆಯುವ ಅಂಕಿಗಳ ಫಲಕ. ಕೌಂಟರಿನಲ್ಲಿ ಕುಳಿತ ಗುಮಾಸ್ತನಿಗೆ ತಂಡದ ಹೆಸರು ಹೇಳಬೇಕಾಗಿಲ್ಲ. ಪ್ರತಿ ತಂಡಕ್ಕೂ ಒಂದು ಸಂಖ್ಯೆಯಿದೆ. ಪರಊರಿನಿಂದ ಬಂದ ತಂಡಕ್ಕೆ ಬೆಸ ಸಂಖ್ಯೆ, ಮನೆಯ ತಂಡಕ್ಕೆ ಸಮಸಂಖ್ಯೆ. ಸಂಖ್ಯೆ ಹೇಳಿ ಹಣ ಕೊಟ್ಟರೆ ರೈಲ್ವೆ ಟಿಕೆಟಿನಂತೆ ಒಂದು ಚೀಟಿ ಬರುತ್ತದೆ. ಸೆಪ್ಟೆಂಬರಿನಿಂದ ಫೆಬ್ರುವರಿಯವರೆಗಿನ ಭಾನುವಾರಗಳಲ್ಲಿ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅದು ಅಮೆರಿಕನ್ ಫುಟ್‌ಬಾಲಿನ ಋತು.

ಇದು ಕಾಲಿನಿಂದ ಚೆಂಡೊದೆಯುವ ಫುಟ್‌ಬಾಲಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಅಡ್ಡಬಂದವನನ್ನು ಕೆಡವುವ ಆಟ. ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದರೆ 6 ಅಂಕ, ಅದರ ಬೆನ್ನಿಗೆ ಒದ್ದು ಕಂಬಗಳ ನಡುವೆ ಹಾಯಿಸಿದರೆ ಇನ್ನೊಂದು. ಗೆರೆ ದಾಟಲಾಗದೆ ದೂರದಿಂದಲೇ ಒದ್ದು ಹಾಯಿಸಿದರೆ 3. ಆದ್ದರಿಂದಲೇ ಪಂದ್ಯಗಳ ಗೆಲುವಿನ ಅಂತರ 3 ಅಥವಾ 7 ಆಗುವುದು ಹೆಚ್ಚು. ಈ ಸಣ್ಣ ವಿಷಯವನ್ನು ಲಾಸ್ ವೇಗಸ್ಸಿನ ಬುಕ್ಕಿಗಳು ಎಂದೂ ಮರೆಯುವುದಿಲ್ಲ.

ಬಲಿಷ್ಠ ತಂಡವೂ ದುರ್ಬಲ ತಂಡವೂ ಆಡುವಾಗ ದುರ್ಬಲರ ಮೇಲೆ ಯಾರು ಹಣ ಕಟ್ಟುತ್ತಾರೆ? ಈ ತೊಡಕಿಗೆ 1940ರ ದಶಕದಲ್ಲಿ ಉಪಾಯ ಹುಡುಕಿದವನು ಚಾರ್ಲ್ಸ್ ಮೆಕ್‌ನೀಲ್ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಆತ ಹಿಂದೆ ಗಣಿತದ ಮೇಷ್ಟ್ರಾಗಿದ್ದವನು! ಅವನ ಉಪಾಯದ ಹೆಸರು ‘ಪಾಯಿಂಟ್ ಸ್ಪ್ರೆಡ್’. ಓಟದಲ್ಲಿ ಚಿಕ್ಕ ಹುಡುಗನನ್ನು ಹತ್ತು ಹೆಜ್ಜೆ ಮುಂದೆ ನಿಲ್ಲಿಸುವುದಿಲ್ಲವೆ, ಹಾಗೆ. ಬಲಿಷ್ಠ ತಂಡ ಗೆದ್ದರೆ ಸಾಲದು, ಇಷ್ಟು ಅಂಕಗಳ ಮೇಲೆ ಗೆಲ್ಲಬೇಕು. ಇದರಿಂದ ಎಂಥ ಪಂದ್ಯವನ್ನೂ ನಾಣ್ಯ ಚಿಮ್ಮಿದಷ್ಟು ಸಮನಾಗಿ ಮಾಡಬಹುದು.

ಪಂದ್ಯ ಸಮವಾದ ಮೇಲೆ ಬುಕ್ಕಿಗೆ ಲಾಭ ಎಲ್ಲಿಂದ? ಇಲ್ಲಿಯ ವಾಡಿಕೆಯ ದರ ಹನ್ನೊಂದಕ್ಕೆ ಹತ್ತು. 10 ಡಾಲರ್ ಗೆಲ್ಲಬೇಕೆಂದರೆ 11 ಡಾಲರ್ ಕಟ್ಟಬೇಕು. ರಾಮ ಒಂದು ತಂಡಕ್ಕೂ ಭೀಮ ಇನ್ನೊಂದು ತಂಡಕ್ಕೂ 11 ಡಾಲರ್ ಕಟ್ಟಿದರೆಂದುಕೊಳ್ಳಿ. ಬುಕ್ಕಿಯ ಪೆಟ್ಟಿಗೆಯಲ್ಲಿ 22 ಡಾಲರ್. ಗೆದ್ದವನಿಗೆ ಅವನ 11ರ ಜತೆಗೆ 10 ಸೇರಿಸಿ 21 ಕೊಟ್ಟು ಕಳಿಸುತ್ತಾನೆ. ಉಳಿದ ಒಂದು ಡಾಲರೇ ಕೋಟಿಗಟ್ಟಲೆಯ ಆ ಕಟ್ಟಡಗಳ ಇಟ್ಟಿಗೆ. ಎರಡೂ ಕಡೆ ಹಣ ಯಾವಾಗಲೂ ಸಮನಾಗಿ ಬರುವುದಿಲ್ಲ, ಬುಕ್ಕಿಗಳೂ ಕೆಲವೊಮ್ಮೆ ತಮ್ಮ ಅಂದಾಜನ್ನು ನಂಬಿ ಒಂದು ಕಡೆ ವಾಲಿ ಕೂರುತ್ತಾರೆ. ಆದರೆ ವರ್ಷಪೂರ್ತಿಯ ಲೆಕ್ಕದಲ್ಲಿ ಈ ಹನ್ನೊಂದು-ಹತ್ತರ ವ್ಯತ್ಯಾಸವೇ ಅವರನ್ನು ಕಾಯುತ್ತದೆ.

ಆಡುವವನ ಕಡೆಯಿಂದ ನೋಡಿದರೆ ಇದೇ ಲೆಕ್ಕ ಹೀಗಿದೆ. ಒಬ್ಬ 110 ಡಾಲರಿನಂತೆ ನೂರು ಸಲ ಕಟ್ಟಿದ. 52 ಸಲ ಗೆದ್ದ, 48 ಸಲ ಸೋತ. ಬಂದದ್ದು 5,200, ಹೋದದ್ದು 5,280. ಅರ್ಧಕ್ಕಿಂತ ಹೆಚ್ಚು ಸಲ ಸರಿಯಾಗಿ ಊಹಿಸಿಯೂ ಆತ 80 ಡಾಲರ್ ಕಳೆದುಕೊಂಡಿದ್ದಾನೆ. ಅಸಲಾದರೂ ಉಳಿಯಬೇಕೆಂದರೆ ಶೇಕಡ 52.38ರಷ್ಟು ಊಹೆಗಳು ಸರಿಯಾಗಬೇಕು. ಹಿಂದೆ ಪರೀಕ್ಷೆಯಲ್ಲಿ 35ಕ್ಕೆ ಪಾಸು ಮಾಡುತ್ತಿದ್ದಂಥ ಉದಾರ ಬುದ್ಧಿ ಈ ಊರಿಗಿಲ್ಲ. ಮೂರು ಪಂದ್ಯಗಳನ್ನು ಒಂದೇ ಚೀಟಿಯಲ್ಲಿ ಜೋಡಿಸಿ ಕಟ್ಟುವ ಪದ್ಧತಿಯಂತೂ ಇನ್ನೂ ದುಬಾರಿ. ಮೂರೂ ಸರಿಬೀಳುವ ಸಾಧ್ಯತೆ ಎಂಟರಲ್ಲಿ ಒಂದು. ನ್ಯಾಯವಾಗಿ ಒಂದಕ್ಕೆ ಏಳು ಸಿಗಬೇಕು. ವಾಡಿಕೆಯಾಗಿ ಕೊಡುವುದು ಆರು.

ಬುಕ್ಕಿಗಳೂ ಪೆಟ್ಟು ತಿಂದದ್ದುಂಟು. 1979ರ ಜನವರಿ 21ರಂದು ಪಿಟ್ಸ್‌ಬರ್ಗ್ ಮತ್ತು ಡಲ್ಲಾಸ್ ತಂಡಗಳ ನಡುವೆ ವರ್ಷದ ಅಂತಿಮ ಪಂದ್ಯವಾದ ಸೂಪರ್ ಬೌಲ್ ನಡೆಯಿತು. ಫಲಕ ಮೊದಲು ಪಿಟ್ಸ್‌ಬರ್ಗ್ ಮೂರೂವರೆ ಅಂಕಗಳ ಮೇಲೆ ಗೆಲ್ಲಬೇಕೆಂದಿತು. ಪಿಟ್ಸ್‌ಬರ್ಗಿನ ಮೇಲೆ ಹಣ ಸುರಿದದ್ದರಿಂದ ಅಂಕಿಯನ್ನು ನಾಲ್ಕೂವರೆಗೆ ಏರಿಸಿದರು. ಈಗ ಡಲ್ಲಾಸ್ ಕಡೆ ಹಣ ಬಂತು. ಪಂದ್ಯ ಮುಗಿದಾಗ 35-31. ಅಂತರ ಸರಿಯಾಗಿ ನಾಲ್ಕು. ಮೂರೂವರೆಗೆ ಪಿಟ್ಸ್‌ಬರ್ಗ್ ಹಿಡಿದವರೂ ಗೆದ್ದರು, ನಾಲ್ಕೂವರೆಗೆ ಡಲ್ಲಾಸ್ ಹಿಡಿದವರೂ ಗೆದ್ದರು. ಲಾಸ್ ವೇಗಸ್ಸಿನ ಬುಕ್ಕಿಗಳ ನೆನಪಿನಲ್ಲಿ ಅದು ‘ಕರಾಳ ಭಾನುವಾರ’ವಾಗಿ ಉಳಿಯಿತು. ಊರಿನ ಉಳಿದವರಿಗೆ ಹಬ್ಬವಾಗಿರಬೇಕು.

ಚೆಂಡಾಟವಿಲ್ಲದ ತಿಂಗಳುಗಳು

ಫೆಬ್ರುವರಿಯಲ್ಲಿ ಸೂಪರ್ ಬೌಲ್ ಮುಗಿದರೆ ಸೆಪ್ಟೆಂಬರಿನವರೆಗೆ ಲೆಕ್ಕಕ್ಕೆ ಬರುವ ಒಂದು ಪಂದ್ಯವೂ ಇಲ್ಲ. ಫಲಕ ಮಾತ್ರ ಖಾಲಿಯಾಗುವುದಿಲ್ಲ. ಮುಂದಿನ ವರ್ಷ ಯಾರು ಗೆಲ್ಲುತ್ತಾರೆ ಎಂಬ ದರಗಳು ತಡವಿಲ್ಲದೆ ಏರಿರುತ್ತವೆ. ಆಟವಿಲ್ಲದ ಈ ತಿಂಗಳುಗಳಲ್ಲಿ ಎನ್‌ಎಫ್‌ಎಲ್ ಎಂಬ ವೃತ್ತಿಪರ ಲೀಗಿನ 32 ತಂಡಗಳು ಮೈ ಬದಲಿಸುತ್ತವೆ. ಮಾರ್ಚ್ ನಡುವಿನಲ್ಲಿ ಕರಾರು ಮುಗಿದ ಆಟಗಾರರು ಬೇರೆ ತಂಡ ಸೇರಬಹುದು. ಏಪ್ರಿಲ್ ಕೊನೆಯಲ್ಲಿ ಕಾಲೇಜು ಮುಗಿಸಿದ ಹುಡುಗರನ್ನು ಆರಿಸಿಕೊಳ್ಳುವ ‘ಡ್ರಾಫ್ಟ್’. ಬೇಸಿಗೆಯಲ್ಲಿ 90 ಮಂದಿ ತಾಲೀಮಿಗೆ ಬರುತ್ತಾರೆ. ಆಗಸ್ಟ್ ಕೊನೆಗೆ 53 ಜನರನ್ನು ಉಳಿಸಿಕೊಂಡು ಮಿಕ್ಕವರನ್ನು ಕೈಬಿಡುತ್ತಾರೆ.

ಡ್ರಾಫ್ಟಿನ ಕ್ರಮ ವಿಚಿತ್ರವಾದದ್ದು. ಕಳೆದ ವರ್ಷ ಎಲ್ಲರಿಗಿಂತ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಪಾಳಿ, ಗೆದ್ದವರಿಗೆ ಕೊನೆಯ ಪಾಳಿ. ಇದರ ಮೇಲೆ 1994ರಿಂದ ಒಂದು ಕಟ್ಟಳೆಯಿದೆ: ಯಾವ ತಂಡವೂ ಆಟಗಾರರ ಸಂಬಳಕ್ಕೆ ಗೊತ್ತುಮಾಡಿದ ಮಿತಿಗಿಂತ ಹೆಚ್ಚು ಖರ್ಚು ಮಾಡುವಂತಿಲ್ಲ. 2025ರಲ್ಲಿ ಆ ಮಿತಿ ತಲಾ 27 ಕೋಟಿ 92 ಲಕ್ಷ ಡಾಲರ್. ಸಿರಿವಂತ ಮಾಲೀಕ ಒಳ್ಳೆಯವರನ್ನೆಲ್ಲ ಕೊಂಡುಬಿಡುವಂತಿಲ್ಲ. ಬಂಡವಾಳಶಾಹಿಯ ತವರಿನಲ್ಲಿ ಇಂಥ ಸಮತಾವಾದ! ಫಲವಾಗಿ ಮೇಲಿದ್ದವರು ಕೆಳಗೂ ಕೆಳಗಿದ್ದವರು ಮೇಲೂ ಬರುತ್ತಲೇ ಇರುತ್ತಾರೆ. 2023ರಲ್ಲಿ ವಾಷಿಂಗ್ಟನ್ ತಂಡ 4 ಗೆದ್ದು 13 ಸೋತಿತ್ತು. ಹೊಸ ತರಬೇತುದಾರ ಡ್ಯಾನ್ ಕ್ವಿನ್ ಬಂದ, ಡ್ರಾಫ್ಟಿನ ಎರಡನೆಯ ಆಯ್ಕೆಯಾಗಿ ಜೇಡನ್ ಡೇನಿಯಲ್ಸ್ ಎಂಬ ಹುಡುಗ ಬಂದ. ಅದೇ ತಂಡ 2024ರಲ್ಲಿ 12 ಗೆದ್ದು 5 ಸೋತು, ಸೂಪರ್ ಬೌಲ್‌ಗೆ ಒಂದೇ ಮೆಟ್ಟಿಲ ತನಕ ಹೋಯಿತು.

ಇಂಥ ಕಥೆಗಳೇ ‘ಯಾರ ಮೇಲೆ ಕಟ್ಟಬೇಕು’ ಎಂದು ಹೇಳಿಕೊಡುವವರ ಬಂಡವಾಳ. ಇವರು ಸಲಹೆ ಮಾರುತ್ತಾರೆ. ಯಾರು ಯಾವ ತಂಡ ಬಿಟ್ಟರು, ಯಾರ ಮಂಡಿಗೆ ಶಸ್ತ್ರಚಿಕಿತ್ಸೆಯಾಯಿತು ಎಂಬುದನ್ನೆಲ್ಲ ಒಪ್ಪಿಸಿ, ಈ ವರ್ಷ ಇಂಥ ತಂಡ ಖಂಡಿತ ಏಳುತ್ತದೆ ಎನ್ನುತ್ತಾರೆ. ಮಾಹಿತಿ ಸುಳ್ಳೇನಲ್ಲ. ಆದರೆ ಅವರಿಗೆ ಗೊತ್ತಿರುವುದು ಫಲಕ ಬರೆಯುವವನಿಗೂ ಗೊತ್ತು. ಒಳ್ಳೆಯ ಆಟಗಾರ ಬಂದನೆಂಬ ಸುದ್ದಿ ಬಂದ ಗಳಿಗೆಯಲ್ಲೇ ಆ ತಂಡದ ದರ ಬದಲಾಗಿರುತ್ತದೆ. ಮಳೆ ಚೆನ್ನಾಗಿ ಆಗುತ್ತದೆಂದು ಮಂಡಿಯಲ್ಲಿ ಎಲ್ಲರಿಗೂ ತಿಳಿದ ಮೇಲೆ ಈರುಳ್ಳಿಯನ್ನು ಹಳೆಯ ಬೆಲೆಗೆ ಯಾರು ಕೊಳ್ಳುತ್ತಾರೆ? ತಂಡ ಸುಧಾರಿಸಿತೋ ಇಲ್ಲವೋ ಎಂಬುದಕ್ಕೆ ಹಣ ಸಿಗುವುದಿಲ್ಲ. ಫಲಕದ ಅಂದಾಜಿಗಿಂತ ಹೆಚ್ಚು ಸುಧಾರಿಸಿದರೆ ಮಾತ್ರ ಸಿಗುತ್ತದೆ.

ಇದಕ್ಕೆ ಉದಾಹರಣೆ ಲಾಸ್ ವೇಗಸ್ಸಿನ ಸ್ವಂತ ತಂಡ ರೇಡರ್ಸ್. 2021ರಲ್ಲಿ ಅದು 10 ಪಂದ್ಯ ಗೆದ್ದು 7 ಸೋತಿತು. 2022ರ ಮಾರ್ಚಿನಲ್ಲಿ ಡಾವಾಂಟೆ ಆಡಮ್ಸ್ ಎಂಬ ಅಗ್ರಶ್ರೇಣಿಯ ಆಟಗಾರನನ್ನು ಗ್ರೀನ್ ಬೇ ತಂಡದಿಂದ ತಂದರು. ಬದಲಿಗೆ ಆ ವರ್ಷದ ಡ್ರಾಫ್ಟಿನ ಮೊದಲ ಎರಡು ಸುತ್ತಿನ ಪಾಳಿಗಳನ್ನು ಬಿಟ್ಟುಕೊಟ್ಟರು. ರೇಡರ್ಸ್‌ನ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡೆಸೆಯುವ ನಾಯಕ ಡೆರಿಕ್ ಕಾರ್, ಆಡಮ್ಸ್‌ನ ಕಾಲೇಜಿನ ಗೆಳೆಯ. ಹೊಸ ತರಬೇತುದಾರನೂ ಬಂದ. ಇನ್ನೇನು ಬೇಕು? ಆಡಮ್ಸ್ ನಿರಾಸೆ ಮಾಡಲಿಲ್ಲ: 100 ಚೆಂಡು ಹಿಡಿದ, 1,516 ಗಜ ಸಾಗಿದ, 14 ಸಲ ಗೆರೆ ದಾಟಿದ. ತಂಡ ಮಾತ್ರ 6 ಗೆದ್ದು 11 ಸೋತಿತು! ಗೆಳೆಯ ಕಾರ್‌ನನ್ನು ಋತು ಮುಗಿಯುವ ಮೊದಲೇ ಕೂರಿಸಿ, ಮರುವರ್ಷದ ಫೆಬ್ರುವರಿಯಲ್ಲಿ ಬಿಟ್ಟುಕಳಿಸಿದರು.

ಕಾರಣ ಹುಡುಕುವವರು ಒಬ್ಬೊಬ್ಬರನ್ನೇ ದೂರಿದರು. ಆದರೆ ಅಂಕಿಗಳಲ್ಲೇ ಒಂದು ಸುಳಿವಿದೆ. 2021ರಲ್ಲಿ ರೇಡರ್ಸ್ ಆಡಿದ ನಾಲ್ಕು ಪಂದ್ಯಗಳು ಸಮಸಮವಾಗಿ ಹೆಚ್ಚುವರಿ ಅವಧಿಗೆ ಹೋದವು. ನಾಲ್ಕನ್ನೂ ಅವರೇ ಗೆದ್ದರು. ನಾಣ್ಯ ನಾಲ್ಕು ಸಲವೂ ರಾಜನ ಮುಖ ತೋರಿಸಿದಂತೆ. 2022ರಲ್ಲಿ 17 ಅಂಕ ಅಥವಾ ಹೆಚ್ಚು ಮುಂದಿದ್ದ ಮೂರು ಪಂದ್ಯಗಳನ್ನು ಕೈಯಾರೆ ಕಳೆದುಕೊಂಡರು. ತುಂಬ ಎತ್ತರದ ತಂದೆಯ ಮಕ್ಕಳು ಸಾಮಾನ್ಯವಾಗಿ ತಂದೆಗಿಂತ ಸ್ವಲ್ಪ ಗಿಡ್ಡವಾಗಿರುತ್ತಾರೆಂದು ಫ್ರಾನ್ಸಿಸ್ ಗಾಲ್ಟನ್ 1886ರಲ್ಲೇ ತೋರಿಸಿದ್ದ. ಅತಿಶಯವಾದದ್ದು ಮುಂದಿನ ಸಲ ಸರಾಸರಿಯ ಕಡೆಗೆ ಜಾರುತ್ತದೆ. ಹಿಂದಿನ ವರ್ಷದ ಫಲಿತಾಂಶದಲ್ಲಿ ಶಕ್ತಿ ಎಷ್ಟು, ಅದೃಷ್ಟ ಎಷ್ಟು ಎಂದು ಬೇರ್ಪಡಿಸಲು ಹದಿನೇಳು ಪಂದ್ಯಗಳು ಸಾಲವು. ಪ್ರಯೋಗಶಾಲೆಯಲ್ಲಿ ಹದಿನೇಳು ಅಳತೆ ತೆಗೆದು ನಿಯಮ ಘೋಷಿಸುವ ವಿದ್ಯಾರ್ಥಿಗೆ ಯಾವ ಮೇಷ್ಟ್ರೂ ಅಂಕ ಕೊಡಲಾರರು.

ಸಲಹೆ ಮಾರುವವರಲ್ಲಿ ಪ್ರಾಮಾಣಿಕರೂ ಇದ್ದಾರು. ಅಪ್ರಾಮಾಣಿಕರ ಹಳೆಯದೊಂದು ಕೈಚಳಕವನ್ನಂತೂ ಪ್ರತಿ ಹುಡುಗನೂ ತಿಳಿದಿರಬೇಕು. 1,024 ಜನರಿಗೆ ಉಚಿತ ಸಲಹೆ ಕಳಿಸುತ್ತಾನೆ. ಅರ್ಧ ಜನಕ್ಕೆ ಒಂದು ತಂಡ, ಇನ್ನರ್ಧಕ್ಕೆ ಎದುರಾಳಿ ತಂಡ ಗೆಲ್ಲುತ್ತದೆಂದು. ತಪ್ಪು ಸಲಹೆ ಹೋದ 512 ಮಂದಿಯನ್ನು ಮರೆತುಬಿಡುತ್ತಾನೆ. ಉಳಿದವರನ್ನು ಮುಂದಿನ ವಾರ ಮತ್ತೆ ಎರಡು ಭಾಗ ಮಾಡುತ್ತಾನೆ. ಐದು ವಾರವಾದ ಮೇಲೆ 32 ಜನರ ಪಾಲಿಗೆ ಆತ ಒಂದೂ ತಪ್ಪದ ತ್ರಿಕಾಲಜ್ಞಾನಿ. ಹತ್ತನೆಯ ವಾರಕ್ಕೆ ಒಬ್ಬನಿಗಂತೂ ದೇವರೇ ಸರಿ. ಆರನೆಯ ವಾರದಿಂದ ಹಣ ಕೇಳಿದರೆ ಆ 32 ಮಂದಿಯಲ್ಲಿ ಎಷ್ಟು ಜನ ಇಲ್ಲವೆನ್ನುತ್ತಾರೆ? ಸಲಹೆಗಾರನಿಗೆ ಫುಟ್‌ಬಾಲಿನ ಒಂದಕ್ಷರವೂ ಗೊತ್ತಿರಬೇಕಾಗಿಲ್ಲ.

ದೂರವಿಟ್ಟವರೇ ಮನೆ ಕಟ್ಟಿದರು

ಈ ಊರಿನಿಂದ ಎನ್‌ಎಫ್‌ಎಲ್ ಬಹುಕಾಲ ಮೈಲಿ ದೂರದಲ್ಲಿತ್ತು. ಸ್ಪ್ರೆಡ್‌ನ ಅಪಾಯ ಅದಕ್ಕೆ ಗೊತ್ತಿತ್ತು. ಗೆಲುವು ಸೋಲಿನ ಮೇಲೆ ಮಾತ್ರ ಪಣವಿದ್ದರೆ, ಲಂಚ ತಿಂದ ಆಟಗಾರ ತಂಡವನ್ನೇ ಸೋಲಿಸಬೇಕು. ಅಂತರದ ಮೇಲೆ ಪಣವಿದ್ದರೆ ಗೆಲ್ಲುತ್ತಲೇ ಮೋಸ ಮಾಡಬಹುದು. ಹತ್ತರ ಬದಲು ಐದು ಅಂಕದಿಂದ ಗೆದ್ದರಾಯಿತು. 1951ರಲ್ಲಿ ನ್ಯೂಯಾರ್ಕಿನ ಸಿಟಿ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಹುಡುಗರು ಇಂಥದ್ದೇ ಹಗರಣದಲ್ಲಿ ಸಿಕ್ಕಿಬಿದ್ದರು. 1963ರಲ್ಲಿ ಪಾಲ್ ಹಾರ್ನಂಗ್, ಅಲೆಕ್ಸ್ ಕ್ಯಾರಸ್ ಎಂಬ ಇಬ್ಬರು ಪ್ರಸಿದ್ಧ ಆಟಗಾರರನ್ನು ಪಣ ಕಟ್ಟಿದ್ದಕ್ಕಾಗಿ ಎನ್‌ಎಫ್‌ಎಲ್ ಅಮಾನತು ಮಾಡಿತು. 2000ದಲ್ಲಿ ಹ್ಯಾನ್ಸಿ ಕ್ರೋನಿಯೆ ಪ್ರಕರಣ ಕ್ರಿಕೆಟ್ಟನ್ನು ನಡುಗಿಸಿದ್ದನ್ನು ಬಲ್ಲ ಇಲ್ಲಿಯ ಓದುಗರಿಗೆ ಆ ಭಯವನ್ನು ಬಿಡಿಸಿ ಹೇಳಬೇಕಾಗಿಲ್ಲ. 2003ರ ಸೂಪರ್ ಬೌಲ್ ಪ್ರಸಾರದಲ್ಲಿ ಲಾಸ್ ವೇಗಸ್ ಪ್ರವಾಸೋದ್ಯಮದ ಜಾಹೀರಾತಿಗೂ ಎನ್‌ಎಫ್‌ಎಲ್ ಜಾಗ ಕೊಡಲಿಲ್ಲ.

ಅದೇ ಎನ್‌ಎಫ್‌ಎಲ್ 2017ರ ಮಾರ್ಚ್ 27ರಂದು, ಓಕ್ಲಂಡ್ ನಗರದ ರೇಡರ್ಸ್ ತಂಡ ಲಾಸ್ ವೇಗಸ್ಸಿಗೆ ಬರಲು ಒಪ್ಪಿಗೆ ಕೊಟ್ಟಿತು. ಮಾಲೀಕರ ಮತದಲ್ಲಿ 31 ಪರ, ಒಂದೇ ಒಂದು ವಿರೋಧ. 2018ರ ಮೇ 14ರಂದು ಅಮೆರಿಕದ ಸುಪ್ರೀಂ ಕೋರ್ಟು, ಕ್ರೀಡಾ ಬೆಟ್ಟಿಂಗನ್ನು ಹೆಚ್ಚುಕಡಿಮೆ ನೆವಾಡಕ್ಕೇ ಕಟ್ಟಿಹಾಕಿದ್ದ 1992ರ ಕಾನೂನನ್ನು ತಳ್ಳಿಹಾಕಿತು. ಆಮೇಲೆ ಮೂವತ್ತಕ್ಕೂ ಹೆಚ್ಚು ರಾಜ್ಯಗಳು ಬಾಗಿಲು ತೆರೆದವು. 2021ರಲ್ಲಿ ಎನ್‌ಎಫ್‌ಎಲ್ ತಾನೇ ಬೆಟ್ಟಿಂಗ್ ಕಂಪನಿಗಳ ಜತೆ ಒಪ್ಪಂದ ಮಾಡಿಕೊಂಡಿತು. ಆಟಗಾರರ ಮೇಲಿನ ನಿರ್ಬಂಧ ಮಾತ್ರ ಹಾಗೆಯೇ ಇದೆ: ಸುಮಾರು 1,500 ಡಾಲರ್ ಪಣ ಕಟ್ಟಿದ್ದಕ್ಕೆ ಕ್ಯಾಲ್ವಿನ್ ರಿಡ್ಲಿ 2022ರ ಋತುವನ್ನು ಪೂರ್ತಿ ಕಳೆದುಕೊಂಡ. ನೋಡುವವರಿಗೆ ಕಟ್ಟಿ ಕಟ್ಟಿ ಎಂದು ಜಾಹೀರಾತು, ಆಡುವವರಿಗೆ ಮುಟ್ಟಿದರೆ ಶಿಕ್ಷೆ. ಎರಡೂ ಒಂದೇ ಬಾಯಿಂದ ಬರುವುದು ಅಷ್ಟೇನೂ ಶೋಭಿಸುವುದಿಲ್ಲ.

ಹೆದ್ದಾರಿಯ ಪಶ್ಚಿಮಕ್ಕೆ ಕಪ್ಪು ಗಾಜಿನ ಬೃಹತ್ ದುಂಡನೆಯ ಕಟ್ಟಡವೊಂದಿದೆ. ಅದೇ ಅಲೀಜಿಯಂಟ್ ಸ್ಟೇಡಿಯಂ, 65 ಸಾವಿರ ಆಸನಗಳದ್ದು. ಸುಮಾರು 200 ಕೋಟಿ ಡಾಲರ್ ವೆಚ್ಚದಲ್ಲಿ 75 ಕೋಟಿಯ ಹೊಣೆ ಹೋಟೆಲ್ ಕೋಣೆಗಳ ಮೇಲಿನ ತೆರಿಗೆಯದ್ದು. ಗ್ರ್ಯಾಂಡ್ ಕ್ಯಾನ್ಯನ್ನಿಗೆ ಹೋಗುವ ಮುನ್ನ ಇಲ್ಲಿ ಒಂದು ರಾತ್ರಿ ಮಲಗಿದ ಹುಬ್ಬಳ್ಳಿ, ಮೈಸೂರಿನವರೂ ಅದಕ್ಕೆ ಕಾಣಿಕೆ ಸಲ್ಲಿಸಿದ್ದಾರೆ. ಇನ್ನೊಂದು ತಮಾಷೆಯೆಂದರೆ, ಈ ಕ್ರೀಡಾಂಗಣವೂ ಪ್ರಸಿದ್ಧ ಹೋಟೆಲುಗಳ ‘ಸ್ಟ್ರಿಪ್’ ಬೀದಿಯ ಬಹುಭಾಗವೂ ಲಾಸ್ ವೇಗಸ್ ನಗರದ ಗಡಿಯೊಳಗೆ ಇಲ್ಲವೇ ಇಲ್ಲ. ಅವು ಇರುವ ಪ್ರದೇಶದ ಹೆಸರು ಪ್ಯಾರಡೈಸ್, ಅಂದರೆ ಸ್ವರ್ಗ!

ಪಂದ್ಯದ ದಿನ ಹೆದ್ದಾರಿಯ ಮೇಲಿನ ಹಸಿಯೆಂಡಾ ಸೇತುವೆಗೆ ವಾಹನ ಬಿಡುವುದಿಲ್ಲ. ಹೋಟೆಲುಗಳಿಂದ ಜನಪ್ರವಾಹ ನಡೆದೇ ಬರುತ್ತದೆ. ಅವರಲ್ಲಿ ಎದುರಾಳಿ ತಂಡದ ಅಂಗಿ ತೊಟ್ಟವರೇ ಎಷ್ಟೋ ಮಂದಿ. ಪಂದ್ಯದ ನೆಪದಲ್ಲಿ ಎರಡು ದಿನದ ಪ್ರವಾಸಕ್ಕೆ ಬಂದವರು. ಸ್ವಂತ ಮನೆಯಲ್ಲೇ ರೇಡರ್ಸ್ ಪರಊರಿನ ಕೂಗು ಕೇಳಬೇಕಾಗುತ್ತದೆ. 2020ರಿಂದ 2025ರ ಋತುವಿನವರೆಗೆ ಹಂಗಾಮಿಯವರೂ ಸೇರಿ ಐವರು ಮುಖ್ಯ ತರಬೇತುದಾರರನ್ನು ತಂಡ ಕಂಡಿತು. ಐದನೆಯವನಾದ ಪೀಟ್ ಕ್ಯಾರಲ್ ಸೂಪರ್ ಬೌಲ್ ಗೆದ್ದ ಅನುಭವಿ. 2025ರ ಜನವರಿಯಲ್ಲಿ 73ರ ವಯಸ್ಸಿನಲ್ಲಿ ಬಂದ. ಹೊಸ ಕ್ವಾರ್ಟರ್‌ಬ್ಯಾಕ್ ಬಂದ, ಹೊಸ ಓಟಗಾರ ಬಂದ. ಮೂರು ಗೆದ್ದು ಹದಿನಾಲ್ಕು ಸೋತ ಮೇಲೆ 2026ರ ಜನವರಿಯಲ್ಲಿ ಅವನನ್ನೂ ಕಳಿಸಿದರು.

ಹಿಂದೆ ಈ ಫಲಕವನ್ನು ನೋಡಲು ಮರುಭೂಮಿ ದಾಟಬೇಕಿತ್ತು. ಆ ದೂರವೇ ಎಷ್ಟೋ ಮನೆಗಳನ್ನು ಕಾದಿತ್ತು. ಈಗ ಫೋನೇ ಫಲಕ. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಇಡೀ ದೇಶಕ್ಕೆ ನಿಷೇಧದ ಕಾನೂನು ಮಾಡಿತು. ಕಾನೂನಿನ ಬೇಲಿಯನ್ನು ಹಾರುವ ದಾರಿಗಳು ಹುಡುಗರಿಗೆ ತಂದೆತಾಯಂದಿರಿಗಿಂತ ಮೊದಲೇ ತಿಳಿಯುತ್ತವೆ. 110 ಡಾಲರಿನ ಆ ಲೆಕ್ಕವನ್ನು ಊಟದ ಹೊತ್ತಿನಲ್ಲಿ ಒಮ್ಮೆ ಮಕ್ಕಳಿಂದಲೇ ಮಾಡಿಸಿ ನೋಡುವುದು ಒಳ್ಳೆಯದು. ಅದಕ್ಕೆ ಕಾಗದ, ಪೆನ್ಸಿಲು ಸಾಕು.

ಪಂದ್ಯವಿಲ್ಲದ ದಿನ ಹೋದವರಿಗೆ ಕ್ರೀಡಾಂಗಣದಲ್ಲಿ ನೋಡತಕ್ಕ ಒಂದು ವಸ್ತುವಿದೆ. ಅದು ಹುಲ್ಲು. ಮೇಲೆ ಮುಚ್ಚಿದ ಚಾವಣಿ ಇರುವುದರಿಂದ ಒಳಗೆ ಹುಲ್ಲಿಗೆ ಸಾಕಷ್ಟು ಬೆಳಕು ಸಿಗುವುದಿಲ್ಲ. ಹಾಗಾಗಿ ಇಡೀ ಮೈದಾನವನ್ನೇ ಒಂದು ದೈತ್ಯ ತಟ್ಟೆಯಲ್ಲಿ ಬೆಳೆಸಿ, ತಟ್ಟೆಯನ್ನು ಹಳಿಗಳ ಮೇಲೆ ನಿಧಾನವಾಗಿ ಹೊರಗೆ ದೂಡುತ್ತಾರೆ. ರೇಡರ್ಸ್ ಪಂದ್ಯದ ಹೊತ್ತಿಗೆ ಅದು ಒಳಗೆ ಬರುತ್ತದೆ. ಉಳಿದ ದಿನಗಳಲ್ಲಿ ಗೋಡೆಯಾಚೆ ಬಯಲಲ್ಲಿ, ಮೊಹಾವಿಯ ಬಿಸಿಲು ಕುಡಿಯುತ್ತ ಹಸಿರಾಗಿ ನಿಂತಿರುತ್ತದೆ.